ನ್ಯಾಸಾಪಹಾರ: ದುರಸ್ತಿಗೆ ಬಿಟ್ಟ ವಾಹನವೂ ಗೃಹಸ್ಥನ ಸತ್ಯವ್ರತವೂ

ಪರರ ವಸ್ತುವನ್ನು ನಂಬಿಕೆಯ ಮೇಲೆ ಕೈಗೆ ತೆಗೆದುಕೊಂಡವನ ಹೊಣೆ ಎಷ್ಟು? ಆ ವಸ್ತು ತನ್ನ ಕೈಯಲ್ಲಿದ್ದಾಗ ಕೆಟ್ಟು, ಕೆಟ್ಟ ಸಂಗತಿ ಅದರ ಒಡೆಯನಿಗೆ ತಿಳಿಯದೆ ಹೋದರೆ, ಅವನು ಕೇಳುವ ತನಕ ಸುಮ್ಮನಿರುವುದು ದೋಷವೇ? ಕೇಳಿದ ಮೇಲೆ ಎಷ್ಟನ್ನು ತುಂಬಿಕೊಡಬೇಕು? ನಷ್ಟ ಅನುಭವಿಸಿದವನಾದರೂ ಎಷ್ಟನ್ನು ಕೇಳಬಹುದು? ಕ್ಷಮಾಧರ್ಮವನ್ನು ಆಚರಿಸುವ ಶ್ರಾವಕನು ಕೇಳುವುದಾದರೂ ಉಚಿತವೇ? ಇವು ಹಳೆಯ ಪ್ರಶ್ನೆಗಳು. ಒತ್ತೆ, ಇಡುಗಂಟು, ಧಾನ್ಯದ ಕಣಜಗಳ ಕಾಲದಲ್ಲಿ ನಮ್ಮ ಆಚಾರ್ಯರು ಇವನ್ನು ಕೂಲಂಕಷವಾಗಿ ವಿಚಾರಿಸಿದ್ದಾರೆ. ಇಂದು ಅವೇ ಪ್ರಶ್ನೆಗಳು ಬೇರೊಂದು ರೂಪದಲ್ಲಿ, ಮೋಟಾರ್ ಸೈಕಲ್ ಷೋರೂಮಿನ ಹಿಂಭಾಗದ ಸರ್ವಿಸ್ ಶೆಡ್ಡಿನಲ್ಲಿ ನಮ್ಮ ಎದುರು ನಿಂತಿವೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮೋಟಾರ್ ಸೈಕಲ್ ಎಂಬುದು ವಿಲಾಸದ ವಸ್ತುವಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಡಲೆಕಾಯಿ ಬೆಳೆಯುವವನು, ಡೈರಿಗೆ ಹಾಲು ಹಾಕುವವನು, ಸಂತೆಗೆ ಹೂವು ತರಕಾರಿ ಒಯ್ಯುವವನು, ಅಂಗಡಿಯಲ್ಲಿ ಗುಮಾಸ್ತಿಕೆ ಮಾಡುವವನು, ಎಲ್ಲರ ದುಡಿಮೆಯೂ ಎರಡು ಚಕ್ರಗಳ ಮೇಲೆ ನಿಂತಿದೆ. ಬಸ್ಸು ಬಾರದ ಹಳ್ಳಿಗಳಿಗೆ ಅದೇ ಬಸ್ಸು, ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಅದೇ. ಮನೆಯ ಒಡವೆಯನ್ನು ಅಡವಿಟ್ಟೋ ಸಾಲದ ಕಂತಿಗೆ ಸಹಿ ಹಾಕಿಯೋ ಕೊಂಡು ತಂದ ವಾಹನಕ್ಕೆ ಮಾಲೆ ಹಾಕಿ, ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿ ಮನೆಗೆ ತಂದವನು, ತಿಂಗಳೊಳಗೆ ಅದನ್ನು ಮೊದಲ ಸರ್ವಿಸ್‌ಗೆಂದು ಅಪರಿಚಿತರ ಕೈಗೆ ಒಪ್ಪಿಸಿ ಹಿಂದಿರುಗುತ್ತಾನೆ. ಆ ಕ್ಷಣದಲ್ಲಿ ಅವನು ಕೊಡುತ್ತಿರುವುದು ಬರಿಯ ಬೀಗದ ಕೈಯನ್ನಲ್ಲ, ತನ್ನ ನಂಬಿಕೆಯನ್ನು.

ವಿಚಾರ ಸ್ಪಷ್ಟವಾಗಲೆಂದು ನಾನು ಹತ್ತಿರದಿಂದ ಕಂಡ ಒಂದು ಪ್ರಕರಣವನ್ನು ಹೇಳುತ್ತೇನೆ. ಊರು, ಹೆಸರು, ಕಂಪನಿ ಇಲ್ಲಿ ಅಪ್ರಸ್ತುತ. ನಮ್ಮ ವ್ಯಾಪಾರದಲ್ಲಿ ಲೆಕ್ಕ ಬರೆಯುವ ಯುವಕನೊಬ್ಬನು ಕಂತಿನ ಮೇಲೆ ಹೊಸ ಮೋಟಾರ್ ಸೈಕಲ್ ಕೊಂಡನು. ಮೊದಲ ಉಚಿತ ಸರ್ವಿಸ್ ಮುಗಿದು ಗಾಡಿ ಕೈಗೆ ಬಂದಾಗ ಪೆಟ್ರೋಲ್ ಟ್ಯಾಂಕಿನ ಮೇಲೆ ಉಗುರಿನುದ್ದದ ಗೀರೊಂದು ಬಿದ್ದಿತ್ತು. ಗೀರಿನ ಬಗ್ಗೆ ಅವನು ಮಾತನಾಡಲಿಲ್ಲ. ಆದರೆ ಹತ್ತು ದಿನಗಳ ನಂತರ ಗಾಡಿ ನಿಲ್ಲಿಸಿದ ಕಡೆಯಲ್ಲೆಲ್ಲ ಎಣ್ಣೆಯ ಹನಿಗಳು ಕಾಣತೊಡಗಿದವು. ಪರಿಚಯದ ಮೇಸ್ತ್ರಿಯೊಬ್ಬರು ಬಗ್ಗಿ ನೋಡಿ ಕಾರಣ ತಿಳಿಸಿದರು. ಎಂಜಿನ್ನಿನ ತಳದಲ್ಲಿ ಆಯಿಲ್ ಇಳಿಸುವ ಬೋಲ್ಟನ್ನು ಮಿತಿಮೀರಿ ಬಿಗಿದಿದ್ದಾರೆ. ಬೋಲ್ಟು ಉಕ್ಕಿನದು, ಅದು ಕೂರುವ ಎಂಜಿನ್ ಕವಚವು ಅಲ್ಯೂಮಿನಿಯಂ ಮಿಶ್ರಲೋಹದ್ದು. ಉಕ್ಕಿನ ಮುಂದೆ ಮೆದುವಾದ ಆ ಲೋಹದ ಥ್ರೆಡ್ಡು ಹರಿದುಹೋಗಿದೆ. ಹರಿದದ್ದು ಸರ್ವಿಸ್ ಮಾಡಿದವರಿಗೆ ಗೊತ್ತಾಗಿದೆ. ಏಕೆಂದರೆ ಬೋಲ್ಟಿಗೆ ಟೇಪು ಸುತ್ತಿ, ಮೇಲೆ ಅಂಟುಮದ್ದು ಬಳಿದು ಕೂರಿಸಿದ್ದಾರೆ. ಜಾಬ್ ಕಾರ್ಡಿನಲ್ಲಿ ಮಾತ್ರ ಎಲ್ಲ ಅಂಶಗಳ ಎದುರೂ 'ಸರಿ' ಎಂಬ ಗುರುತು ಬಿದ್ದಿದೆ.

ಯುವಕನು ಷೋರೂಮಿಗೆ ಹೋದಾಗ ದೊರೆತ ಉತ್ತರಗಳು ಮೂರು. ಮೊದಲನೆಯದು, "ನೀವೇ ಎಲ್ಲೋ ಕಲ್ಲಿಗೆ ಹೊಡೆದಿದ್ದೀರಿ." ಎರಡನೆಯದು, "ಉಚಿತ ಸರ್ವಿಸ್‌ಗೆ ಇಷ್ಟೆಲ್ಲ ಕೇಳ್ತೀರಲ್ಲ." ಮೂರನೆಯದು, "ಜಾಬ್ ಕಾರ್ಡಿನಲ್ಲಿ ಓದಿ ನೋಡಿ, ವಾಹನವನ್ನು ಮಾಲೀಕರ ಹೊಣೆಯ ಮೇಲೆ ಬಿಡತಕ್ಕದ್ದು ಎಂದು ಅಚ್ಚಾಗಿದೆ." ನಮ್ಮ ಹಿರಿಯರೊಬ್ಬರಿಂದ ನಾಲ್ಕನೆಯ ಉತ್ತರವೂ ಬಂತು: "ಆ ಮಾಲೀಕರು ದೇವರ ಕಾರ್ಯಕ್ಕೆ ಎಂದೂ ಇಲ್ಲ ಎಂದವರಲ್ಲ. ಒಂದು ಬೋಲ್ಟಿನ ಸಲುವಾಗಿ ಅವರ ಮೇಲೆ ದೂರು ಯಾಕಪ್ಪಾ? ಕ್ಷಮಿಸಿಬಿಡು." ಈ ನಾಲ್ಕು ಉತ್ತರಗಳನ್ನೂ ಶಾಸ್ತ್ರದ ಬೆಳಕಿನಲ್ಲಿ ಒಂದೊಂದಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಆಕ್ಷೇಪವನ್ನು ತೆಗೆದುಹಾಕೋಣ. ವಾಹನವು ಜಡವಸ್ತು, ಪುದ್ಗಲ. ಅದರ ಥ್ರೆಡ್ಡು ಹರಿದರೆ ಯಾವ ಜೀವಕ್ಕೆ ನೋವಾಯಿತು, ಇದರಲ್ಲಿ ಧರ್ಮಾಧರ್ಮದ ಮಾತೇನು ಎಂದು ಕೆಲವರು ಕೇಳಬಹುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಲಿಲ್ಲ. ಅದರ ಹಿಂದಿರುವ ಪ್ರಮಾದವನ್ನು ಮೂಲವಾಗಿ ಹಿಡಿದರು. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಯಲ್ಲಿ ಅರಿಯದೆ ಜೀವಿಯೊಂದು ಸತ್ತರೂ ಅವರಿಗೆ ಹಿಂಸೆಯ ಬಂಧವಿಲ್ಲ, ಅಜಾಗರೂಕನಾಗಿ ನಡೆಯುವವನ ಕಾಲಡಿಯಲ್ಲಿ ಯಾವ ಜೀವಿಯೂ ಸಾಯದಿದ್ದರೂ ಅವನು ಹಿಂಸಕನೇ ಎಂಬ ವಿವೇಚನೆ ಕುಂದಕುಂದಾಚಾರ್ಯರ ಪ್ರವಚನಸಾರದಲ್ಲಿದೆ. ಈ ಅಳತೆಗೋಲಿನಿಂದ ನೋಡಿದರೆ ಬೋಲ್ಟು ಬಿಗಿಯುವಾಗ ಕೈತಪ್ಪಿದ್ದು ಒಂದು ಸಂಗತಿ, ತಪ್ಪಿದ್ದು ತಿಳಿದ ಮೇಲೂ ಅಂಟು ಬಳಿದು ಕಳುಹಿಸಿದ್ದು ಬೇರೆಯೇ ಸಂಗತಿ. ಎಂಜಿನ್ನಿನ ಎಣ್ಣೆ ಸೋರಿ ಬರಿದಾದರೆ ಓಡುತ್ತಿರುವ ಎಂಜಿನ್ ಹಠಾತ್ತನೆ ಬಿಗಿದುಕೊಳ್ಳುತ್ತದೆ. ಸೋರಿದ ಎಣ್ಣೆ ಹಿಂದಿನ ಚಕ್ರಕ್ಕೆ ಹತ್ತಿದರೆ ತಿರುವಿನಲ್ಲಿ ಗಾಡಿ ಜಾರುತ್ತದೆ. ಪಾವಗಡದ ರಸ್ತೆಯಲ್ಲಿ ಹೆಂಡತಿಯನ್ನೂ ಮಗುವನ್ನೂ ಕೂರಿಸಿಕೊಂಡು ಹೋಗುವವನ ಗಾಡಿ ಅದಾಗಿದ್ದರೆ? ಕೆಟ್ಟದ್ದು ಜಡವೇ ಆಗಿರಬಹುದು, ಅದರ ಮೇಲೆ ಕುಳಿತವರು ಜಡವಲ್ಲ. ಆದುದರಿಂದ ಮುಚ್ಚಿಟ್ಟ ದೋಷವು ಹಿಂಸೆಯ ದ್ವಾರವಾಗುತ್ತದೆ.

ಈಗ 'ನೀವೇ ಕಲ್ಲಿಗೆ ಹೊಡೆದಿದ್ದೀರಿ' ಎಂಬ ಉತ್ತರಕ್ಕೆ ಬರೋಣ. ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಒಂದು ಕೂಟಲೇಖಕ್ರಿಯೆ, ಅಂದರೆ ನಡೆಯದುದನ್ನು ನಡೆಯಿತೆಂದು ಬರೆದಿಡುವುದು. ಬೋಲ್ಟಿನ ಥ್ರೆಡ್ಡು ಹರಿದದ್ದು ತಿಳಿದೂ 'ಸರಿ' ಎಂದು ಗುರುತು ಹಾಕಿದ ಜಾಬ್ ಕಾರ್ಡು ಕೂಟಲೇಖವಲ್ಲದೆ ಬೇರೇನೂ ಅಲ್ಲ. ಇನ್ನೊಂದು ನ್ಯಾಸಾಪಹಾರ. ನ್ಯಾಸವೆಂದರೆ ನಂಬಿ ಇಟ್ಟ ವಸ್ತು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿ ಗಮನಾರ್ಹವಾಗಿದೆ. ಒಬ್ಬನು ಇಷ್ಟು ಸಂಖ್ಯೆಯ ದ್ರವ್ಯವನ್ನು ಇಟ್ಟು ಹೋಗುತ್ತಾನೆ. ಹಿಂದಿರುಗಿದಾಗ ಸಂಖ್ಯೆಯನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು 'ಹಾಗೇ ಆಗಲಿ' ಎಂದು ಅವನು ಕೇಳಿದಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಇಲ್ಲಿ ಸುಳ್ಳು ಮಾತು ಒಂದೂ ಇಲ್ಲ. ಕನ್ನ ಹಾಕಿದ್ದೂ ಇಲ್ಲ. ಕೇಳಿದವನ ಅಜ್ಞಾನವನ್ನು ತನ್ನ ಲಾಭಕ್ಕೆ ಬಿಟ್ಟುಕೊಂಡ ಮೌನ ಮಾತ್ರ ಇದೆ. ಆಚಾರ್ಯರು ಇದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸದೆ ಸತ್ಯವ್ರತದಲ್ಲಿ ಸೇರಿಸಿದ್ದೇಕೆಂದು ನಾನು ಬಹುಕಾಲ ಯೋಚಿಸಿದ್ದೇನೆ. ವಸ್ತು ಕಡಿಮೆಯಾದುದು ಅದರ ಫಲ, ತಿಳಿದವನು ತಿಳಿಯದವನ ಮುಂದೆ ಸತ್ಯವನ್ನು ತಡೆಹಿಡಿದುದು ಅದರ ಮೂಲ. ಸರ್ವಿಸ್ ಶೆಡ್ಡಿನಲ್ಲಿ ನಡೆಯುವುದೂ ಇದೇ. ಎಂಜಿನ್ನಿನ ಒಳಗೇನಾಗಿದೆ ಎಂಬುದು ಗ್ರಾಹಕನಿಗೆ ತಿಳಿಯದು. ಬಿಚ್ಚಿದವನಿಗೆ ಮಾತ್ರ ತಿಳಿದಿರುತ್ತದೆ. ಪೂರ್ಣವಾಗಿ ಇಟ್ಟುದನ್ನು ಊನವಾಗಿ ಹಿಂದಿರುಗಿಸಿ, ಪಡೆದವನು ಎಣಿಸಲಾರ ಎಂಬ ಧೈರ್ಯದಿಂದ ಸುಮ್ಮನಿದ್ದರೆ ಅದು ಅಕ್ಷರಶಃ ನ್ಯಾಸಾಪಹಾರ.

ಸ್ವಾರಸ್ಯವೆಂದರೆ ನಮ್ಮ ದೇಶದ ಕಾನೂನೂ ಇದೇ ಜಾಗದಲ್ಲಿ ನಿಂತಿದೆ. ವಾಣಿಜ್ಯಶಾಸ್ತ್ರ ಓದಿದವರೆಲ್ಲರೂ 1872ರ ಭಾರತೀಯ ಕರಾರು ಅಧಿನಿಯಮವನ್ನು ಬಲ್ಲರು. ಅದರ 148ನೆಯ ಪ್ರಕರಣದಿಂದ ಮುಂದಕ್ಕೆ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಪರರಿಗೆ ಒಪ್ಪಿಸಿ, ಉದ್ದೇಶ ತೀರಿದ ಮೇಲೆ ಹಿಂದಕ್ಕೆ ಪಡೆಯುವ ಸಂಬಂಧವನ್ನು ವಿವರಿಸಲಾಗಿದೆ. ದುರಸ್ತಿಗೆ ಬಿಟ್ಟ ವಾಹನ, ಹೊಲಿಗೆಗೆ ಕೊಟ್ಟ ಬಟ್ಟೆ, ಕರಗಿಸಿ ಮಾಡಲು ಕೊಟ್ಟ ಚಿನ್ನ ಎಲ್ಲವೂ ಇದರೊಳಗೆ ಬರುತ್ತವೆ. 151ನೆಯ ಪ್ರಕರಣವು ವಿಧಿಸುವ ಎಚ್ಚರ ಯಾವುದೆಂದರೆ, ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅಂಥದೇ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರ. ಹಣ ಪಡೆದು ಇಟ್ಟುಕೊಂಡವನಿಗೆ ಒಂದು ಅಳತೆ, ಪುಕ್ಕಟೆ ಇಟ್ಟುಕೊಂಡವನಿಗೆ ಇನ್ನೊಂದು ಅಳತೆ ಎಂಬ ಭೇದವನ್ನು ಆ ಪ್ರಕರಣ ಮಾಡಿಲ್ಲ. ದುರಸ್ತಿಗೆಂದು ಬಿಟ್ಟ ಗಾಡಿಯನ್ನು ಕೆಲಸಗಾರನು ಚಹಾ ಕುಡಿಯಲು ಪೇಟೆಗೆ ಓಡಿಸಿಕೊಂಡು ಹೋಗಿ ಬೀಳಿಸಿದರೆ 154ನೆಯ ಪ್ರಕರಣ ಅನ್ವಯಿಸುತ್ತದೆ. ಒಪ್ಪಂದಕ್ಕೆ ಹೊರತಾದ ಉಪಯೋಗದಿಂದ ಆದ ನಷ್ಟಕ್ಕೆ ಇಟ್ಟುಕೊಂಡವನೇ ಹೊಣೆ.

ಇದರಿಂದ ಎರಡನೆಯ ಉತ್ತರವೂ ನಿಲ್ಲದು. ಅಲ್ಲದೆ 'ಉಚಿತ' ಎಂಬ ಆ ಮಾತೇ ವಿಚಾರಣೀಯ. ವ್ಯಾಪಾರಿಗಳಾದ ನಮಗೆ ಗೊತ್ತಿದೆ, ಅಂಗಡಿಯಲ್ಲಿ ಯಾವುದೂ ಆಕಾಶದಿಂದ ಉದುರುವುದಿಲ್ಲ. ಮೊದಲ ಕೆಲವು ಸರ್ವಿಸ್‌ಗಳ ವೆಚ್ಚ ಗಾಡಿಯ ಬೆಲೆಯಲ್ಲಿಯೇ ಅಡಗಿದೆ. ಗ್ರಾಹಕನು ಅದನ್ನು ಮುಂಚಿತವಾಗಿಯೇ ಪಾವತಿ ಮಾಡಿದ್ದಾನೆ. ಆದರೂ ವಾದಕ್ಕಾಗಿ ಉಚಿತವೆಂದೇ ಒಪ್ಪೋಣ. ಔಷಧದಾನ ಮಾಡುವವನು ಪುಕ್ಕಟೆ ಕೊಡುತ್ತೇನೆಂದು ಕೆಟ್ಟ ಔಷಧವನ್ನು ಕೊಡಬಹುದೇ? ಆಹಾರದಾನ ಮಾಡುವವನು ಶೋಧಿಸದ ಅನ್ನವನ್ನು ಬಡಿಸಬಹುದೇ? ಕೊಡುವುದು ಉಚಿತವಾದಷ್ಟೂ ಎಚ್ಚರ ಹೆಚ್ಚಾಗಬೇಕೆಂಬುದೇ ನಮ್ಮ ದಾನಶಾಸನದ ನೀತಿ.

ಮೂರನೆಯ ಉತ್ತರವಾದ 'ಮಾಲೀಕರ ಹೊಣೆ' ಎಂಬ ಅಚ್ಚಿನ ಸಾಲನ್ನು ಕುರಿತು ಸುಪ್ರೀಂ ಕೋರ್ಟಿನ ಮುಂದೆಯೇ ವಿಚಾರ ನಡೆದಿದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ಕಾರಿನ ಬೀಗದ ಕೈಯನ್ನು ಹೋಟೆಲಿನ ನೌಕರನಿಗೆ ಒಪ್ಪಿಸಿದರು. ಕಾರು ಕಳುವಾಯಿತು. ಕೊಟ್ಟಿದ್ದ ಚೀಟಿಯಲ್ಲಿ ವಾಹನ ಮಾಲೀಕರ ಹೊಣೆಯಲ್ಲಿದೆ ಎಂದು ಅಚ್ಚಾಗಿತ್ತು. 2019ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಬೀಗದ ಕೈ ಸ್ವೀಕರಿಸಿದ ಮೇಲೆ ವಾಹನವು ಹೋಟೆಲಿನ ವಶಕ್ಕೆ ಬಂದಂತಾಯಿತು, ತನ್ನ ಕಡೆಯ ಅಲಕ್ಷ್ಯದಿಂದಾದ ನಷ್ಟಕ್ಕೆ ಆ ಚೀಟಿಯ ಸಾಲನ್ನು ತೋರಿಸಿ ಪಾರಾಗಲಾಗದು ಎಂದಿತು. ವಸ್ತುವನ್ನು ಕೊಟ್ಟಂತೆಯೇ ಹಿಂದಿರುಗಿಸಲಾಗದಿದ್ದರೆ, ತಾನು ತಕ್ಕ ಎಚ್ಚರ ವಹಿಸಿದ್ದೆನೆಂದು ತೋರಿಸುವ ಭಾರ ಇಟ್ಟುಕೊಂಡವನ ಮೇಲೆಯೇ ಬೀಳುತ್ತದೆ. ಸರ್ವಿಸ್ ಶೆಡ್ಡಿನ ಜಾಬ್ ಕಾರ್ಡಿಗೂ ಈ ನ್ಯಾಯವೇ ಸಲ್ಲುತ್ತದೆ. ಕೆಲವರು ಕಂಪನಿಯ ಕಡೆಗೆ ಬೆರಳು ತೋರಿಸುವುದೂ ಉಂಟು. ಗೋವಾದ ಪ್ರಕರಣವೊಂದರಲ್ಲಿ, ಆಗಲೇ ಓಡಿದ್ದ ಹಳೆಯ ಮಾದರಿಯ ಕಾರನ್ನು ಡೀಲರ್ ಹೊಸದೆಂದು ಮಾರಿದ್ದಾಗ, ತನಗೆ ತಿಳಿಯದೆ ಡೀಲರ್ ಮಾಡಿದ ಅಂಥ ತಪ್ಪಿಗೆ ತಯಾರಕ ಕಂಪನಿಯನ್ನು ಹೊಣೆಯಾಗಿಸಲಾಗದು ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅವರವರ ಕೃತಿಗೆ ಅವರವರೇ ಬಾಧ್ಯರು ಎಂಬುದು ಕರ್ಮಸಿದ್ಧಾಂತದ ಪ್ರಥಮ ಪಾಠವೂ ಹೌದು.

ಹಾಗಾದರೆ ಷೋರೂಮಿನೊಳಗೆ ಹೊಣೆ ಯಾರದು? ಬೋಲ್ಟು ಬಿಗಿದ ಹುಡುಗ ಹದಿನೆಂಟು ಹತ್ತೊಂಬತ್ತರ ಪ್ರಾಯದವನು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಂತೆ. ನಷ್ಟವನ್ನು ಅವನ ಸಂಬಳದಲ್ಲಿ ಹಿಡಿಯುತ್ತೇವೆ ಎಂದು ವ್ಯವಸ್ಥಾಪಕರು ಹೇಳಿದಾಗ ಅಲ್ಲಿದ್ದ ಎಲ್ಲರಿಗೂ ಅದು ನ್ಯಾಯವೆಂದೇ ತೋರಿತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಓದಿದವರಿಗೆ ಹಾಗೆ ತೋರಲಾರದು. ಅಲ್ಲಿ ಜೀವನು ಮಾಡುವ ಕೃತಿಯ ಲೆಕ್ಕವನ್ನು ಹೀಗೆ ಹಾಕಿದ್ದಾರೆ: ಸಂಕಲ್ಪಿಸುವುದು, ಸಾಧನ ಜೋಡಿಸುವುದು, ತೊಡಗುವುದು ಎಂದು ಮೂರು, ಮನಸ್ಸು, ವಚನ, ಕಾಯ ಎಂದು ಮೂರು, ತಾನು ಮಾಡುವುದು, ಮಾಡಿಸುವುದು, ಒಪ್ಪುವುದು ಎಂದು ಮೂರು, ಕ್ರೋಧ, ಮಾನ, ಮಾಯೆ, ಲೋಭಗಳೆಂದು ನಾಲ್ಕು. ಗುಣಿಸಿದರೆ 108. ಕೃತದಷ್ಟೇ ಕಾರಿತವೂ ಅನುಮತವೂ ಈ ಲೆಕ್ಕದಲ್ಲಿ ಕೂಡುತ್ತವೆ. ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯಬೇಕೆಂದು ತಯಾರಕರು ಅಳತೆ ಕೊಟ್ಟಿರುತ್ತಾರೆ. ಆ ಅಳತೆಗೆ ನಿಲ್ಲುವ ಟಾರ್ಕ್ ಸ್ಪ್ಯಾನರನ್ನು ಆ ಹುಡುಗನ ಕೈಗೆ ಕೊಟ್ಟಿರಲಿಲ್ಲ. ಕೆಲಸ ಕಲಿಸಿರಲಿಲ್ಲ. ದಿನಕ್ಕೆ ಇಷ್ಟು ಗಾಡಿ ಮುಗಿಯಲೇಬೇಕೆಂಬ ಒತ್ತಡ ಮಾತ್ರ ಇತ್ತು. ಇದು ಕಾರಿತ. ಥ್ರೆಡ್ಡು ಹರಿದದ್ದನ್ನು ಹೇಳಿದಾಗ 'ಅಂಟು ಹಾಕಿ ಕಳಿಸು' ಎಂದ ಮೇಲಿನವನದು ಕಾರಿತವೂ ಹೌದು, ಅನುಮತವೂ ಹೌದು, ಕಷಾಯಗಳಲ್ಲಿ ಅದು ಮಾಯೆ. ಹುಡುಗನ ಕೃತದಲ್ಲಿ ಕಷಾಯವನ್ನು ಹುಡುಕಿದರೆ ಸಿಗುವುದು ಅಂಜಿಕೆ ಒಂದೇ. ಲಾಭ ಬಂದಾಗ ಅಂಗಡಿಯ ಹೆಸರು, ನಷ್ಟ ಬಂದಾಗ ಆಳಿನ ಹೆಸರು ಎಂದು ಖಾತೆ ಬರೆಯುವುದು ಯಾವ ಜಮಾಖರ್ಚಿನ ಪದ್ಧತಿಯೂ ಅಲ್ಲ.

ನಾಲ್ಕನೆಯ ಉತ್ತರವೇ ನಮ್ಮಂಥವರಿಗೆ ಅತ್ಯಂತ ಕಠಿಣವಾದುದು: ಕ್ಷಮಿಸಿಬಿಡು. ದಶಲಕ್ಷಣಧರ್ಮಗಳಲ್ಲಿ ಉತ್ತಮಕ್ಷಮೆಗೇ ಮೊದಲ ಸ್ಥಾನ. ಆದರೆ ಕ್ಷಮೆಯು ಯಾವುದರ ಅಭಾವ? ಕ್ರೋಧದ ಅಭಾವ. ಋಣದ ಅಭಾವವಲ್ಲ. ಕೋಪವಿಲ್ಲದೆ, ಕಟುಮಾತಿಲ್ಲದೆ ತನಗೆ ಬರತಕ್ಕದ್ದನ್ನು ಕೇಳುವವನು ಕ್ಷಮಾಧರ್ಮವನ್ನು ಬಿಟ್ಟವನಲ್ಲ. ಮನಸ್ಸಿನಲ್ಲಿ ಕುದಿಯುತ್ತ, 'ಹೋಗಲಿ ಬಿಡಿ' ಎಂದು ಹೊರಗೆ ಹೇಳಿ, ಬೀದಿಯಲ್ಲೆಲ್ಲ ಆಡಿಕೊಳ್ಳುವವನು ಕ್ಷಮಿಸಿದವನೂ ಅಲ್ಲ. ಮೇಲಾಗಿ ಕ್ಷಮೆಯು ನೊಂದವನು ಮನಸಾರೆ ಕೊಡಬೇಕಾದುದು, ನೋಯಿಸಿದವನಾಗಲಿ ಅವನ ಪಕ್ಷದವರಾಗಲಿ ವಸೂಲು ಮಾಡಿಕೊಳ್ಳುವುದಲ್ಲ. ನೊಂದವನಿಗೆ ಕ್ಷಮೆಯನ್ನು ಬೋಧಿಸುವ ನಾವು ಅದೇ ಪಟ್ಟಿಯಲ್ಲಿ ಮೂರನೆಯದಾದ ಆರ್ಜವವನ್ನು, ಅಂದರೆ ಋಜುತ್ವವನ್ನು, ನೋಯಿಸಿದವನಿಗೆ ಬೋಧಿಸುವುದೇಕೆ ಮರೆಯುತ್ತೇವೆ? ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಮಾಡಿದ ದೋಷವನ್ನು ಮರೆಮಾಚದೆ ನಿವೇದಿಸುವುದು. ಅದು ಗುರುಸನ್ನಿಧಿಯಲ್ಲಿ ನಡೆಯಬೇಕಾದ ಕ್ರಿಯೆ ನಿಜ, ಆದರೆ ಅದರ ಕ್ರಮ ವ್ಯವಹಾರಕ್ಕೂ ದಾರಿ ತೋರಿಸುತ್ತದೆ. ಮೊದಲು ಆದುದನ್ನು ಹೇಳಬೇಕು, ಆಮೇಲೆ ತುಂಬಿಕೊಡಬೇಕು, ಕ್ಷಮೆಯ ಮಾತು ಅನಂತರದ್ದು.

'ಅವರು ದಾನಿಗಳು' ಎಂಬ ಕಾರಣದ ಬಗ್ಗೆ ದೇವಾಲಯ ಟ್ರಸ್ಟುಗಳ ಪದಾಧಿಕಾರಿಗಳು ವಿಶೇಷವಾಗಿ ಯೋಚಿಸಬೇಕೆಂದು ವಿನಂತಿಸುತ್ತೇನೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಎಲ್ಲಕ್ಕಿಂತ ಮೊದಲು ಇಟ್ಟುದು ನ್ಯಾಯದಿಂದ ಗಳಿಸಿದ ಧನವನ್ನು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಗೃಹಸ್ಥನ 35 ಗುಣಗಳ ಪಟ್ಟಿ ಅದರಿಂದಲೇ ಆರಂಭವಾಗುತ್ತದೆ. ಎರಡು ಸಂಪ್ರದಾಯಗಳ ಆಚಾರ್ಯರೂ ಪೂಜೆಗೆ, ದಾನಕ್ಕೆ ಮೊದಲು ಗಳಿಕೆಯ ಶುದ್ಧಿಯನ್ನು ಇಟ್ಟಿದ್ದಾರೆ. ನಮ್ಮ ಸೀಮೆಯ ಹಿರಿಯರೂ ಇದನ್ನು ಬಲ್ಲವರಾಗಿದ್ದರು. ಮಧುಗಿರಿಯಲ್ಲಿ ಮಲ್ಲಿನಾಥ ಸ್ವಾಮಿಯ ಬಸದಿ ಇದೆ. ಪಾವಗಡ ತಾಲ್ಲೂಕಿನ ನಿಡಗಲ್ಲು ಬೆಟ್ಟದಲ್ಲಿ 13ನೆಯ ಶತಮಾನದಲ್ಲಿ ಜಿನಾಲಯ ನಿಂತದ್ದಕ್ಕೆ ಶಾಸನದ ಸಾಕ್ಷ್ಯವಿದೆ. ಆ ಕಾಲದ ದಾನಶಾಸನಗಳನ್ನು ಓದಿದವರು ಬಲ್ಲಂತೆ, ಕೊಟ್ಟ ಭೂಮಿಯ ಎಲ್ಲೆ, ಅಳತೆ, ಸಾಕ್ಷಿಗಳ ಹೆಸರು ಎಲ್ಲವನ್ನೂ ಕಲ್ಲಿನ ಮೇಲೆ ಬರೆಸಿ, ಕೊಟ್ಟುದನ್ನು ಅಪಹರಿಸಿದವನಿಗೆ ಶಾಪವನ್ನೂ ಹೇಳಿ ಮುಗಿಸುತ್ತಿದ್ದರು. ಇದ್ದುದನ್ನು ಇದ್ದಂತೆ ಬರೆದಿಡುವುದು ನಂಬಿಕೆಯ ತಳಹದಿ ಎಂದು ಅವರು ಅರಿತಿದ್ದರು. ಇಂದಿನ ಜಾಬ್ ಕಾರ್ಡೂ ಒಂದು ಪುಟ್ಟ ಶಾಸನವೇ. ಅಲ್ಲಿ ಸುಳ್ಳು ಬರೆದವನ ದೇಣಿಗೆಯಿಂದ ಅಮೃತಶಿಲೆ ಹಾಸಿದರೆ ಬಸದಿಯ ನೆಲ ಹೊಳೆಯಬಹುದು, ಧರ್ಮಪ್ರಭಾವನೆಯಾಗದು. ದಾನವನ್ನು ಸ್ವೀಕರಿಸುವುದು ಬೇರೆ, ದಾನಿಯ ಅಂಗಡಿಯ ದೋಷಕ್ಕೆ ಮೌನವನ್ನು ಪ್ರತಿಫಲವಾಗಿ ಕೊಡುವುದು ಬೇರೆ. ಎರಡನೆಯದರಲ್ಲಿ ಟ್ರಸ್ಟು ತಾನೇ ಅನುಮತದ ಪಾಲುದಾರನಾಗುತ್ತದೆ.

ಇಷ್ಟು ಹೇಳಿದ ಮೇಲೆ ನಷ್ಟಕ್ಕೊಳಗಾದವನ ಕಡೆಗೂ ತಿರುಗಬೇಕು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅಸತ್ಯದಿಂದ ಅಪಕೀರ್ತಿಗೆ ಗುರಿಯಾದವನ ದೃಷ್ಟಾಂತವಾಗಿ ಸತ್ಯಘೋಷನ ಹೆಸರು ಬರುತ್ತದೆ. ಕಥೆ ಅನೇಕರಿಗೆ ಗೊತ್ತಿದೆ. ಸಿಂಹಪುರದ ರಾಜಪುರೋಹಿತ ಶ್ರೀಭೂತಿ, ಸುಳ್ಳಾಡಿದರೆ ನಾಲಿಗೆ ಕೊಯ್ದುಕೊಳ್ಳುತ್ತೇನೆಂದು ಜನಿವಾರಕ್ಕೆ ಕತ್ತಿ ಕಟ್ಟಿಕೊಂಡು ತಿರುಗಿ ಸತ್ಯಘೋಷನೆಂಬ ಹೆಸರು ಪಡೆದನು. ವರ್ತಕನೊಬ್ಬನು ಅವನಲ್ಲಿ ರತ್ನಗಳನ್ನು ಇಟ್ಟು ವ್ಯಾಪಾರಕ್ಕೆ ಹೋಗಿ, ಹಡಗು ಒಡೆದು ನಿರ್ಗತಿಕನಾಗಿ ಬಂದು ಕೇಳಿದಾಗ, ಇವನು ಹುಚ್ಚನೆಂದು ಹೊರದೂಡಿಸಿದನು. ವರ್ತಕನು ಅರಮನೆಯ ಸಮೀಪದ ಮರವೇರಿ ದಿನವೂ ಅದೇ ಮೊರೆಯನ್ನು ಕೂಗಿದನು. ಹುಚ್ಚನಾದವನು ದಿನವೂ ಒಂದೇ ಮಾತನ್ನು ತಪ್ಪದೆ ಆಡುವನೇ ಎಂದು ಸಂಶಯಪಟ್ಟ ರಾಣಿ ರಾಮದತ್ತೆ, ಪಗಡೆಯಾಟದಲ್ಲಿ ಪುರೋಹಿತನ ಉಂಗುರವನ್ನು ಗೆದ್ದು, ಅದನ್ನೇ ಗುರುತಾಗಿ ಅವನ ಮನೆಗೆ ಕಳುಹಿಸಿ ರತ್ನಗಳನ್ನು ತರಿಸಿದಳು. ರಾಜ ಸಿಂಹಸೇನನು ಅವನ್ನು ತನ್ನ ಭಂಡಾರದ ರತ್ನಗಳೊಡನೆ ಬೆರೆಸಿ ವರ್ತಕನ ಮುಂದೆ ಇಟ್ಟನು. ವರ್ತಕನು ತನ್ನವನ್ನು ಮಾತ್ರ ಆರಿಸಿಕೊಂಡನು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪುರೋಹಿತನ ಶಿಕ್ಷೆಗೆ ಬಂದು ನಿಲ್ಲುತ್ತಾರೆ. ವರ್ತಕನಿಂದ ಕಲಿಯಬೇಕಾದುದು ಎರಡಿದೆ. ಅವನ ಮಾತು ದಿನದಿನವೂ ಒಂದೇ ಆಗಿತ್ತು, ಬೆಳೆಯಲಿಲ್ಲ. ಕಣ್ಣಮುಂದೆ ರಾಜಭಂಡಾರವೇ ಹರಡಿದ್ದರೂ ಅವನ ಕೈ ತನ್ನದನ್ನು ಮೀರಲಿಲ್ಲ. ನಮ್ಮ ಯುವಕನಿಗೆ ಸ್ನೇಹಿತರು ಕೊಟ್ಟ ಸಲಹೆ ಬೇರೆ ರೀತಿಯದಾಗಿತ್ತು. ಎಂಜಿನ್ನೇ ಸುಟ್ಟಿತೆಂದು ಹೇಳು, ಹೊಸ ಗಾಡಿಯನ್ನೇ ಕೇಳು, ಹಳೆಯ ಗೀರುಗಳನ್ನೂ ಅವರ ತಲೆಗೆ ಕಟ್ಟು, ಮೊಬೈಲಿನಲ್ಲಿ ಊರಿಗೆಲ್ಲ ಹಂಚು ಎಂದರು. ಸಮಂತಭದ್ರರು ಸತ್ಯವ್ರತದ ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರದ ಜೊತೆಯಲ್ಲಿಯೇ ಪರಿವಾದ, ಪೈಶುನ್ಯಗಳನ್ನೂ ಸೇರಿಸಿದ್ದಾರೆ, ಅಂದರೆ ನಿಂದೆ, ಚಾಡಿ. ಒಂದೇ ಸಾಲಿನಲ್ಲಿ ಇಟ್ಟುಕೊಂಡವನ ದೋಷವೂ ಇದೆ, ಕಳೆದುಕೊಂಡವನು ಬೀಳಬಹುದಾದ ದೋಷವೂ ಇದೆ. ಆದ ನಷ್ಟವನ್ನು ಹೇಳುವುದು ಸತ್ಯ. ಆಗದ ನಷ್ಟವನ್ನು ಸೇರಿಸಿದರೆ ಹಾನಿಗೊಳಗಾದವನು ತಾನೇ ಕೂಟಲೇಖಕನಾಗುತ್ತಾನೆ. ಹೊಸ ವಸ್ತುವಿನ ಮೇಲಿನ ಮೋಹವನ್ನೂ ಇಲ್ಲಿ ಪರೀಕ್ಷಿಸಿಕೊಳ್ಳಬೇಕು. ಮೂರ್ಛೆಯೇ ಪರಿಗ್ರಹವೆಂಬುದು ಆಗಮದ ತೀರ್ಮಾನ. ಟ್ಯಾಂಕಿನ ಗೀರು ನಿದ್ದೆ ಕೆಡಿಸಿದರೆ ಅದು ಮೂರ್ಛೆ, ಎಣ್ಣೆಯ ಸೋರಿಕೆ ನಿದ್ದೆ ಕೆಡಿಸಿದರೆ ಅದು ವಿವೇಕ. ಯುವಕನು ಗೀರನ್ನು ಬಿಟ್ಟು ಬೋಲ್ಟನ್ನು ಮಾತ್ರ ಹಿಡಿದುದು ನನಗೆ ಮೆಚ್ಚಿಕೆಯಾಯಿತು.

ಅವನು ಬರೆದು ಕೊಟ್ಟ ಕೇಳಿಕೆಗಳು ನಾಲ್ಕು: ಅಂಟಿನ ತೇಪೆಯ ಬದಲು ಎಂಜಿನ್ ಕವಚದ ಆ ಭಾಗವನ್ನು ಹೊಸದಾಗಿ ಹಾಕುವುದು, ಕೆಲಸ ನಡೆದ ದಿನಗಳ ಬಸ್ ಖರ್ಚು, ಹುಡುಗನ ಸಂಬಳಕ್ಕೆ ಕೈಹಾಕದಿರುವುದು, ಆದ ದೋಷವನ್ನೂ ಮಾಡಿದ ದುರಸ್ತಿಯನ್ನೂ ಗಾಡಿಯ ಸರ್ವಿಸ್ ದಾಖಲೆಯಲ್ಲಿ ಬರೆಯುವುದು. ಮೊದಲ ಮೂರಕ್ಕೆ ಮಾಲೀಕರು ಎರಡನೆಯ ಭೇಟಿಯಲ್ಲಿ ಒಪ್ಪಿದರು. ನಾಲ್ಕನೆಯದಕ್ಕೆ ಒಪ್ಪಲಿಲ್ಲ. "ರಿಪೇರಿ ಮಾಡಿಕೊಡುತ್ತೇವಲ್ಲ, ಬರೆಯುವುದೇಕೆ?" ಎಂದರು. ನೋಡಿದರೆ ಇದು ಚಿಕ್ಕ ವಿಷಯ. ವಾಸ್ತವದಲ್ಲಿ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ದ್ರವ್ಯದ ಊನವನ್ನು ದ್ರವ್ಯದಿಂದ ತುಂಬಬಹುದು, ಸತ್ಯದ ಊನವನ್ನು ಸತ್ಯದಿಂದಲೇ ತುಂಬಬೇಕು. ಯುವಕನು ಕೊಟ್ಟ ಕಾರಣವೂ ಯೋಗ್ಯವಾಗಿತ್ತು. ನಾಲ್ಕೈದು ವರ್ಷಗಳಾದ ಮೇಲೆ ಈ ಗಾಡಿಯನ್ನು ತಾನು ಬೇರೊಬ್ಬರಿಗೆ ಮಾರಬಹುದು. ಕೊಳ್ಳುವವರಿಗೆ ಎಂಜಿನ್ನಿನ ಯಾವ ಭಾಗ ಬದಲಾಗಿದೆ, ಏಕೆ ಬದಲಾಗಿದೆ ಎಂದು ತಿಳಿಯಬೇಕು. ದಾಖಲೆಯಿಲ್ಲದಿದ್ದರೆ ಅಂದು ತಾನು ಸುಮ್ಮನಿರುವ ಪ್ರಲೋಭನೆಗೆ ಒಳಗಾಗಬಹುದು. ಇವರ ಮೌನ ತನ್ನ ಮೌನವಾಗಿ ಮೂರನೆಯವರಿಗೆ ದಾಟಿಹೋಗುತ್ತದೆ. ಮೂರನೆಯ ಭೇಟಿಯಲ್ಲಿ ಮಾಲೀಕರು ಬರೆದುಕೊಟ್ಟರು. ಅವರ ಮನಸ್ಸು ಬದಲಾಯಿತೋ, ದೂರಿನ ಅಂಜಿಕೆಯೋ ನಾನು ಹೇಳಲಾರೆ. ಇನ್ನೊಬ್ಬರ ಭಾವವನ್ನು ಅಳೆಯುವ ತಕ್ಕಡಿ ನಮ್ಮ ಕೈಯಲ್ಲಿಲ್ಲ.

ಒಪ್ಪದಿದ್ದರೆ ಏನು ಮಾಡಬೇಕಿತ್ತು? ಗೃಹಸ್ಥನಿಗೆ ನ್ಯಾಯದ ಬಾಗಿಲು ತಟ್ಟುವುದು ನಿಷಿದ್ಧವಲ್ಲ. ಸಂಕಲ್ಪಿ ಹಿಂಸೆಯನ್ನು ಬಿಡಬೇಕೆಂದ ನಮ್ಮ ಪರಂಪರೆಯೇ ಅನ್ಯಾಯದ ಪ್ರತಿರೋಧದಲ್ಲಿ ಅನಿವಾರ್ಯವಾಗುವ ವಿರೋಧಿ ಹಿಂಸೆಯನ್ನು ಗೃಹಸ್ಥನ ಮಟ್ಟಿಗೆ ಪ್ರತ್ಯೇಕಿಸಿದೆ. ಶಾಂತವಾಗಿ ಕೊಟ್ಟ ದೂರರ್ಜಿಯಲ್ಲಿ ಅಷ್ಟು ಹಿಂಸೆಯೂ ಇಲ್ಲ. 1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸೇವೆಯಲ್ಲಿನ ನ್ಯೂನತೆಗೆ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಆಂಧ್ರದ ಗಡಿಯ ಪಾವಗಡದವನು ಬೇರೆ ಜಿಲ್ಲೆಯಲ್ಲಿ ಗಾಡಿ ಕೊಂಡಿದ್ದರೂ ತುಮಕೂರಿನ ಜಿಲ್ಲಾ ಆಯೋಗವೇ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳವರೆಗೆ ಇದ್ದರೆ ಶುಲ್ಕವಿಲ್ಲ. ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಕೊಡಬೇಕು. ರಾಜಿ ಸಂಧಾನಕ್ಕೂ ಈ ಕಾಯಿದೆಯಲ್ಲಿ ಅವಕಾಶವಿದೆ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಮೊದಲ ಸಲಹೆ ಪಡೆಯಬಹುದು. ಆದರೂ ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ಕೂಲಿಯವನಿಗೆ ಒಂದು ದಿನದ ಸಂಬಳ ಹೋದರೆ ಆ ದಿನದ ಒಲೆ ಉರಿಯುವುದು ಕಷ್ಟ. ಹೀಗಾಗಿ ಚಿಕ್ಕ ನಷ್ಟಗಳು ದೂರಾಗದೆಯೇ ಉಳಿಯುತ್ತವೆ. ಕಾನೂನು ತಲುಪಲಾರದ ಆ ಸ್ಥಳದಲ್ಲಿ ಕಾವಲಿರುವುದು ಅಂಗಡಿಯವನ ವ್ರತವೊಂದೇ.

ಆದುದರಿಂದ ನಮ್ಮ ಕುಟುಂಬಗಳಲ್ಲಿ ವಾಹನಗಳ, ಬಿಡಿಭಾಗಗಳ, ದುರಸ್ತಿಯ ವ್ಯಾಪಾರದಲ್ಲಿ ಇರುವವರು ಕೆಲವು ನಿಯಮಗಳನ್ನು ತಾವಾಗಿಯೇ ಇಟ್ಟುಕೊಳ್ಳಲಿ. ಗಾಡಿ ಒಳಗೆ ಬರುವಾಗ ಗ್ರಾಹಕನ ಎದುರಿನಲ್ಲಿಯೇ ಅದರ ಗೀರು, ಪೆಟ್ಟು, ಓಡಿದ ಕಿಲೋಮೀಟರು, ಪೆಟ್ರೋಲಿನ ಮಟ್ಟ ಬರೆದು ಇಬ್ಬರೂ ಸಹಿ ಮಾಡುವುದು. ಕೆಲಸದಲ್ಲಿ ಏನಾದರೂ ಕೆಟ್ಟರೆ ಗ್ರಾಹಕನು ಕಾಣುವ ಮುನ್ನ ತಾನೇ ಹೇಳುವುದು. ತಪ್ಪನ್ನು ತಾನಾಗಿ ಬಂದು ಹೇಳಿದ ಕೆಲಸಗಾರನಿಗೆ ದಂಡ ಹಾಕದಿರುವುದು, ಏಕೆಂದರೆ ಸತ್ಯಕ್ಕೆ ದಂಡ ವಿಧಿಸುವ ಅಂಗಡಿಯಲ್ಲಿ ಅಂಟು ಬಳಿಯುವ ಕಲೆಯೇ ಬೆಳೆಯುತ್ತದೆ. ಗ್ರಾಹಕರಾದವರೂ ಗಾಡಿ ಬಿಡುವಾಗ ನೋಡಿ ಬರೆಸಲಿ, ಪಡೆಯುವಾಗ ನೋಡಿ ಪಡೆಯಲಿ, 'ಅರ್ಧ ಗಂಟೆಯಲ್ಲಿ ಕೊಡು' ಎಂದು ಅವಸರಪಡಿಸುವ ಅಭ್ಯಾಸ ಬಿಡಲಿ. ಟ್ರಸ್ಟಿನ ಹಿರಿಯರ ಬಳಿ ಇಂಥ ತಕರಾರು ಬಂದರೆ, ದೇಣಿಗೆಯ ಪುಸ್ತಕವನ್ನು ಮುಚ್ಚಿಟ್ಟು ಎರಡೂ ಕಡೆಯ ಮಾತನ್ನು ಕೇಳಲಿ.

ನಾವು ಇಟ್ಟುಕೊಂಡಿರುವುದರಲ್ಲಿ ಬಹುಪಾಲು ಪರರದೇ. ಗಿರಾಕಿಯ ಗಾಡಿ, ಸಾಲಗಾರನ ಒತ್ತೆ, ಟ್ರಸ್ಟಿನ ಹಣ, ಆಳಿನ ದುಡಿಮೆ, ಎಲ್ಲವೂ ನ್ಯಾಸ. ಕೇಳುವವನು ಮರೆತಿರಬಹುದು, ಅವನಿಗೆ ಎಣಿಸಲು ಬಾರದಿರಬಹುದು. ಪೂರ್ತಿಯಾಗಿ ಎಣಿಸಿ ಕೊಡುವ ಹೊಣೆ ಇಟ್ಟುಕೊಂಡವನದು. ಈ ವಿಷಯದಲ್ಲಿ ಬಲ್ಲವರು ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಿದರೆ ಉಪಕಾರವಾಗುವುದು.